ಮೊದಲ ಬಾರಿ ಬ್ರಿಟನ್‌ಗೆ ಹೊರಟ ಹಿರಿಯರಿಗೆ

ಪಾಸ್‌ಪೋರ್ಟ್ ಬಂತು, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟದ್ದಾಯಿತು, ವೀಸಾ ಸಿಕ್ಕಿತು, ಮಗ ಟಿಕೆಟ್ ಕಳಿಸಿದ. ಬೀಗರಿಗೆಲ್ಲ ಹೇಳಿ ಮುಗಿಸಿ, ಹೊರಡಲು ನಾಲ್ಕು ದಿನ ಇರುವಾಗ ಹಕೀಮರ ನೆನಪಾಗುತ್ತದೆ. ಕಳೆದ ಕೆಲವು ವರ್ಷಗಳಿಂದ ನನ್ನ ದವಾಖಾನೆಗೆ ಹೀಗೆ ಬರುವವರು ಹೆಚ್ಚಾಗಿದ್ದಾರೆ. ಮುಳವಾಡ, ಕೊಲ್ಹಾರ, ಬಾಗೇವಾಡಿ, ಸಿಂದಗಿ ಕಡೆಯ ಹುಡುಗರು ಓದಿ ಲಂಡನ್, ಲೆಸ್ಟರ್, ಬರ್ಮಿಂಗ್‌ಹ್ಯಾಂನಲ್ಲಿ ನೌಕರಿಗೆ ಸೇರುತ್ತಿದ್ದಾರೆ. ಹೆಣ್ಣುಮಕ್ಕಳು ನರ್ಸ್ ಆಗಿ ಹೋದವರೂ ಇದ್ದಾರೆ. ಅವರ ತಾಯಿ-ತಂದೆ ಅರವತ್ತು ದಾಟಿದ ಮೇಲೆ ಮೊದಲ ಸಲ ವಿಮಾನ ಹತ್ತುತ್ತಾರೆ. ಸಕ್ಕರೆ, ರಕ್ತದೊತ್ತಡ, ಮೊಣಕಾಲು ನೋವು ಈ ಮೂರರಲ್ಲಿ ಎರಡಾದರೂ ಅವರ ಜೊತೆಗೇ ಹೊರಡುತ್ತವೆ.

"ಹಕೀಂ ಸಾಹೇಬ್ರ, ಆರು ತಿಂಗಳ ಗುಳಿಗಿ ಬರದ ಕೊಡ್ರಿ" ಎಂದಷ್ಟೇ ಅವರು ಕೇಳುವುದು. ಆದರೆ ಹೇಳಬೇಕಾದದ್ದು ಗುಳಿಗೆಗಿಂತ ಬಹಳ ಇದೆ. ನಾಲ್ಕು ದಿನ ಮುಂಚೆ ಬಂದವರಿಗೆ ಅದನ್ನೆಲ್ಲ ಹೇಳಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಹೊರಡುವವರಿದ್ದರೆ, ಟಿಕೆಟ್ ತೆಗೆಯುವ ಮೊದಲೇ, ಅಂದರೆ ಎರಡು ತಿಂಗಳು ಮುಂಚೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಸಕ್ಕರೆ, ರಕ್ತದೊತ್ತಡ, ಮೂತ್ರಪಿಂಡದ ಪರೀಕ್ಷೆ, ಎದೆಯ ಇಸಿಜಿ, ಹಿಮೋಗ್ಲೋಬಿನ್ ಇಷ್ಟು ಇಲ್ಲೇ ಆಗಲಿ. ಹಲ್ಲು ಮತ್ತು ಕನ್ನಡಕವನ್ನೂ ಇಲ್ಲೇ ನೋಡಿಸಿ. ಅಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಸರದಿ ಸಿಗುವುದು ಕಷ್ಟ, ಖಾಸಗಿಯಾಗಿ ಹೋದರೆ ಒಂದು ಹಲ್ಲು ಕೀಳಿಸುವ ಖರ್ಚಿನಲ್ಲಿ ಇಲ್ಲಿ ಒಂದು ಸಣ್ಣ ಕಾರ್ಯ ಮಾಡಬಹುದು.

ಪ್ರವಾಸಿ ವೀಸಾದ ಮೇಲೆ ಹೋಗುವವರು ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಅವರಿಗೆ ಕ್ಷಯದ ಪರೀಕ್ಷೆ ಬೇಡ. ಆರು ತಿಂಗಳಿಗಿಂತ ಹೆಚ್ಚು ಇರಲು ಹೋಗುವವರು, ಅಂದರೆ ಓದಲು, ನೌಕರಿಗೆ ಅಥವಾ ಗಂಡನ ಜೊತೆ ಇರಲು ಹೋಗುವ ನಮ್ಮ ಮಕ್ಕಳು, ಬ್ರಿಟನ್ ಸರಕಾರ ಒಪ್ಪಿದ ಕೇಂದ್ರದಲ್ಲಿ ಮಾತ್ರ ಎದೆಯ ಎಕ್ಸ್-ರೇ ತೆಗೆಸಿ ಪ್ರಮಾಣಪತ್ರ ಪಡೆಯಬೇಕು. ಅದರ ಅವಧಿ ಆರು ತಿಂಗಳು. ಊರಿನ ಲ್ಯಾಬಿನ ಎಕ್ಸ್-ರೇ ಅಲ್ಲಿ ನಡೆಯುವುದಿಲ್ಲ. ಗರ್ಭಿಣಿಯಾಗಿದ್ದರೆ ಕೇಂದ್ರದವರಿಗೆ ಮೊದಲೇ ಹೇಳಬೇಕು.

ಇನ್ನು ಔಷಧಿಯ ಚೀಟಿ. ನಮ್ಮಲ್ಲಿ ಗುಳಿಗೆಯನ್ನು ಅದರ ಕಂಪನಿಯ ಹೆಸರಿನಿಂದ ಗುರುತಿಸುತ್ತೇವೆ, ಇಲ್ಲವೇ "ಬಿಳಿ ಸಣ್ಣದು, ಗುಲಾಬಿ ದೊಡ್ಡದು" ಅನ್ನುತ್ತೇವೆ. ಆ ಕಂಪನಿಯ ಹೆಸರು ಬ್ರಿಟನ್ನಿನ ಔಷಧಿ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದೇ ಗುಳಿಗೆಯಲ್ಲಿ ಎರಡು ಮೂರು ಔಷಧಿ ಸೇರಿಸಿದ ನಮ್ಮ ಸಕ್ಕರೆ ಗುಳಿಗೆಗಳಲ್ಲಿ ಎಷ್ಟೋ ಅಲ್ಲಿ ಸಿಗುವುದೇ ಇಲ್ಲ. ಆದ್ದರಿಂದ ನಿಮ್ಮ ವೈದ್ಯರಿಂದ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಕಾಯಿಲೆ ಯಾವುದು, ಎಷ್ಟು ವರ್ಷದಿಂದ, ಔಷಧಿಯ ಮೂಲ ಹೆಸರೇನು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ಔಷಧಿ ಆಗುವುದಿಲ್ಲ ಎಂಬುದೆಲ್ಲ ಅದರಲ್ಲಿ ಇರಲಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮ ಖಾಲಾಗಳಿಗೆ ಆಧಾರಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಒಂದು, ದವಾಖಾನೆಯ ಚೀಟಿಯಲ್ಲಿ ಇನ್ನೊಂದು ಇರುತ್ತದೆ. ಗುಳಿಗೆಗಳನ್ನು ಚೀಟಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ, ಮೂಲ ಪ್ಯಾಕಿನಲ್ಲೇ ಒಯ್ಯಿರಿ.

ನೋವಿನ ಗುಳಿಗೆಗಳ ವಿಷಯದಲ್ಲಿ ಎಚ್ಚರ ಬೇಕು. ಟ್ರಮಡಾಲ್, ಕೋಡೀನ್, ಕೈಕಾಲು ಉರಿಗೆ ಕೊಡುವ ಪ್ರೆಗಾಬಾಲಿನ್, ಗ್ಯಾಬಾಪೆಂಟಿನ್, ನಿದ್ದೆಗೆ ಕೊಡುವ ಡಯಾಝೆಪಾಂ ಇವೆಲ್ಲ ಬ್ರಿಟನ್ನಿನಲ್ಲಿ ನಿಯಂತ್ರಿತ ಔಷಧಿಗಳು. ಮೂರು ತಿಂಗಳಿಗಿಂತ ಕಡಿಮೆ ಪ್ರಮಾಣವನ್ನು ವೈದ್ಯರ ಪತ್ರದೊಂದಿಗೆ ಒಯ್ಯಬಹುದು, ಅದಕ್ಕಿಂತ ಹೆಚ್ಚಿದ್ದರೆ ಪರವಾನಗಿ ಬೇಕು. ದುಬೈ, ದೋಹಾ ಮೂಲಕ ಹೋಗುವವರಿಗೆ ಆ ದೇಶಗಳ ಕಾನೂನು ಇನ್ನೂ ಬಿಗಿ. ಅಲ್ಲಿ ಗಸಗಸೆ ಕೂಡ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಬಾಣಂತಿ ಮಗಳಿಗೆಂದು ಗಸಗಸೆ ಹಾಕಿದ ಅಂಟಿನ ಉಂಡೆ ಮಾಡಿ ಒಯ್ಯುವ ತಾಯಂದಿರು ಇದನ್ನು ದಯವಿಟ್ಟು ನೆನಪಿಡಬೇಕು. ಗಸಗಸೆ ಮನೆಯಲ್ಲೇ ಬಿಡಿ.

ಇನ್ಸುಲಿನ್ ತೆಗೆದುಕೊಳ್ಳುವವರು ಮುಂದಿನ ಮಾತನ್ನು ಎರಡು ಸಲ ಓದಿ. ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಿ.

ನಮ್ಮಲ್ಲಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ 40ರ ಬಲದ್ದು, ಅಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್. ಅದಕ್ಕೆ ಹೊಂದುವ ಸಿರಿಂಜಿಗೆ ಕೆಂಪು ಮುಚ್ಚಳ ಇರುತ್ತದೆ. ಬ್ರಿಟನ್ನಿನಲ್ಲಿ ಇದು ಇಲ್ಲ. ಅಲ್ಲಿ ವಾಡಿಕೆಯಲ್ಲಿರುವುದು 100ರ ಬಲದ್ದು, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಈಗ ಲೆಕ್ಕ ನೋಡಿ. ನೀವು ಬೆಳಿಗ್ಗೆ 20 ಯೂನಿಟ್ ತೆಗೆದುಕೊಳ್ಳುವವರು. ಊರಿನಿಂದ ಒಯ್ದ ಇನ್ಸುಲಿನ್ ಮುಗಿಯಿತು, ಮಗ ಅಲ್ಲಿನ ಸೀಸೆ ತಂದುಕೊಟ್ಟ. ನಿಮ್ಮ ಕೈಯಲ್ಲಿ ಇನ್ನೂ ಊರಿನ ಕೆಂಪು ಮುಚ್ಚಳದ ಸಿರಿಂಜೇ ಇದೆ. ರೂಢಿಯಂತೆ 20ರ ಗೆರೆವರೆಗೆ ಎಳೆದಿರಿ. ಒಳಗೆ ಹೋದದ್ದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದರೆ ಜೀವಕ್ಕೇ ಅಪಾಯ. ಇದನ್ನೇ ತಿರುಗಿಸಿ ನೋಡಿ: ಊರಿನ ಇನ್ಸುಲಿನ್, ಅಲ್ಲಿನ ಕಿತ್ತಳೆ ಮುಚ್ಚಳದ ಸಿರಿಂಜು. 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಏರುತ್ತಾ ಹೋಗುತ್ತದೆ, ಕಾರಣ ತಿಳಿಯುವುದಿಲ್ಲ. ಆದ್ದರಿಂದ ಇರುವಷ್ಟು ದಿನಕ್ಕೆ ಸಾಕಾಗುವಷ್ಟು ಇನ್ಸುಲಿನ್ ಮತ್ತು ಸಿರಿಂಜು ಎರಡನ್ನೂ ಇಲ್ಲಿಂದಲೇ ಒಯ್ಯಿರಿ. ಇಲ್ಲವೇ ಹೊರಡುವ ಎರಡು ತಿಂಗಳು ಮುಂಚೆ ವೈದ್ಯರನ್ನು ಕೇಳಿ ಪೆನ್ನಿಗೆ ಬದಲಾಯಿಸಿಕೊಳ್ಳಿ. ಪೆನ್ನಿನಲ್ಲಿ ನೀವು ತಿರುಗಿಸಿದ ಅಂಕಿಯೇ ನಿಮ್ಮ ಯೂನಿಟ್, ಸಿರಿಂಜಿನ ಗೊಂದಲ ಇಲ್ಲ. ನನ್ನ ಕೇಳಿದರೆ ಪೆನ್ನೇ ಒಳ್ಳೆಯದು. ಖರ್ಚು ಸ್ವಲ್ಪ ಹೆಚ್ಚು, ಅಷ್ಟೆ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸಿನಲ್ಲಿಟ್ಟರೆ ವಿಮಾನದ ಹೊಟ್ಟೆಯೊಳಗಿನ ಚಳಿಗೆ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಸೂಟ್‌ಕೇಸು ಕಳೆದುಹೋಗುವ ಭಯವೂ ಇದೆ. ವೈದ್ಯರ ಪತ್ರ ತೋರಿಸಿದರೆ ಸೂಜಿಗೆ ತಡೆ ಇಲ್ಲ.

ಅಳತೆಯ ಇನ್ನೊಂದು ತೊಡಕಿದೆ. ಮುಳವಾಡ ಕಡೆಯ ಒಬ್ಬ ತಾಯಿ ಹೋದ ವರ್ಷ ಲೆಸ್ಟರಿನಿಂದ ನನಗೆ ಫೋನ್ ಮಾಡಿ ಅಳುತ್ತಿದ್ದರು. "ಸೊಸಿ ಮಿಷನ್ ಹಚ್ಚಿ ನೋಡ್ಯಾಳ್ರಿ ಸಾಹೇಬ್ರ, ಸಕ್ಕರಿ ಹನ್ನೆರಡಕ್ಕ ಬಂದೈತಂತ. ನಾ ಇನ್ನ ಉಳೀತೀನೇನ್ರಿ?" ನಾನು ನಕ್ಕುಬಿಟ್ಟೆ, ಆಮೇಲೆ ತಪ್ಪಾಯಿತು ಅಂದೆ. ಪಾಪ, ಅವರಿಗೆ ಹೇಗೆ ತಿಳಿಯಬೇಕು? ಬ್ರಿಟನ್ನಿನ ಯಂತ್ರ ಸಕ್ಕರೆಯನ್ನು ಬೇರೆ ಅಳತೆಯಲ್ಲಿ ತೋರಿಸುತ್ತದೆ. ಅಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ. ಅಲ್ಲಿನ 12 ಅಂದರೆ ನಮ್ಮ 216. ಅಲ್ಲಿನ 7 ನಮ್ಮ 126, ಅಲ್ಲಿನ 10 ನಮ್ಮ 180. ಅಲ್ಲಿ 4ಕ್ಕಿಂತ ಕೆಳಗೆ ಬಂದರೆ ಆಗ ಮಾತ್ರ ಕೂಡಲೇ ಸಿಹಿ ತೆಗೆದುಕೊಳ್ಳಬೇಕು. ಮೂರು ತಿಂಗಳ ಸರಾಸರಿಯೂ ಬೇರೆಯೇ, ನಮ್ಮ 7 ಅಲ್ಲಿ 53. ಜ್ವರವನ್ನೂ ಅವರು ಸೆಲ್ಸಿಯಸ್‌ನಲ್ಲಿ ಹೇಳುತ್ತಾರೆ: 37 ಸಹಜ, 38 ಅಂದರೆ ನಮ್ಮ 100.4. ನಿಮ್ಮ ಯಂತ್ರವನ್ನೂ ಅದರ ಪಟ್ಟಿಗಳನ್ನೂ ಊರಿನಿಂದಲೇ ಒಯ್ದರೆ ಈ ಗಾಬರಿ ತಪ್ಪುತ್ತದೆ.

ಗುಳಿಗೆಯ ಹೊತ್ತಿನ ವಿಷಯ ನಮ್ಮವರಿಗೇ ಹೇಳಬೇಕಾದದ್ದು. ನನ್ನ ಬಳಿ ಬರುವ ಅನೇಕರು ಔಷಧಿಯನ್ನು ನಮಾಝಿಗೆ ಕಟ್ಟಿಕೊಂಡಿದ್ದಾರೆ: ಫಜ್ರ್ ಆದ ಮೇಲೆ ಒಂದು, ಮಗ್ರಿಬ್ ಆದ ಮೇಲೆ ಒಂದು. ವಿಜಯಪುರದಲ್ಲಿ ಇದು ಒಳ್ಳೆಯ ಪದ್ಧತಿ. ವರ್ಷವಿಡೀ ಮಗ್ರಿಬ್ ಒಂದು ಗಂಟೆಯಷ್ಟು ಹಿಂದೆ ಮುಂದೆ ಆಗಬಹುದು, ಅಷ್ಟೆ. ಲಂಡನ್ನಿನಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ 4ಕ್ಕೂ ಮುಂಚೆ, ಹುಟ್ಟುವುದು ಬೆಳಿಗ್ಗೆ 8ರ ಹೊತ್ತಿಗೆ. ಜೂನ್‌ನಲ್ಲಿ ಮುಳುಗುವುದು ರಾತ್ರಿ 9.20ರ ಹೊತ್ತಿಗೆ, ಹುಟ್ಟುವುದು 5ಕ್ಕೂ ಮುಂಚೆ. ಮಗ್ರಿಬ್ ಗುಳಿಗೆಯನ್ನು ಡಿಸೆಂಬರಿನಲ್ಲಿ ನಾಲ್ಕಕ್ಕೆ, ಜೂನಿನಲ್ಲಿ ಒಂಬತ್ತೂವರೆಗೆ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ಅಲ್ಲಿ ನಮಾಝ್ ಸೂರ್ಯನ ಪ್ರಕಾರ ಇರಲಿ, ಗುಳಿಗೆ ಗಡಿಯಾರದ ಪ್ರಕಾರ ಇರಲಿ. ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ನಾಲ್ಕೂವರೆ ಗಂಟೆ ಹಿಂದೆ. ಹೋಗುವ ದಿನ ನಿಮ್ಮ ದಿನವೇ ಉದ್ದವಾಗುತ್ತದೆ. ಆ ದಿನ ಇನ್ಸುಲಿನ್ ಹೇಗೆ ಎಂದು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ರಮಝಾನಿನಲ್ಲಿ ಅಲ್ಲಿರುವ ಸಕ್ಕರೆ ಕಾಯಿಲೆಯವರು ಉಪವಾಸದ ಬಗ್ಗೆಯೂ ಮುಂಚಿತವಾಗಿ ಕೇಳಿರಬೇಕು.

ಈಗ ನಮ್ಮ ಯುನಾನಿ ಔಷಧಿಗೆ ಬರೋಣ. ನಾನು ಯುನಾನಿ ವೈದ್ಯ, ಆದ್ದರಿಂದ ಈ ಮಾತನ್ನು ನಾನೇ ಹೇಳುವುದು ಸರಿ. ಚೀಲ ತುಂಬಾ ಮಅಜೂನ್, ಖಮೀರಾ, ಶರಬತ್ತು ಒಯ್ಯಬೇಡಿ. ಹೊಟ್ಟೆಗೆ ಜವಾರಿಷ್, ಕೆಮ್ಮಿಗೆ ಒಂದು ಶರಬತ್ತು, ಅಷ್ಟು ಸಾಕು. ಅದೂ ಸೀಲ್ ಮಾಡಿದ ಕಂಪನಿಯ ಡಬ್ಬಿಯಲ್ಲಿ, ದೊಡ್ಡ ಸೂಟ್‌ಕೇಸಿನಲ್ಲಿ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಡಬ್ಬಿಯನ್ನು ತಡೆಯುತ್ತಾರೆ, ಖಮೀರಾ ಕೂಡ ಅವರ ಲೆಕ್ಕದಲ್ಲಿ ದ್ರವವೇ. ಸಕ್ಕರೆ ಕಾಯಿಲೆಯವರಿಗೆ ಶರಬತ್ತೂ ಬೇಡ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಪಾಕ. ರಕ್ತದೊತ್ತಡ ಇರುವವರು ಜ್ಯೇಷ್ಠಮಧುವನ್ನು ದಿನವೂ ಅಗಿಯಬೇಡಿ, ಒತ್ತಡ ಏರಿಸುತ್ತದೆ.

ಕುಶ್ತಾ ಒಯ್ಯಲೇಬೇಡಿ. ಕುಶ್ತಾ ಅಂದರೆ ಲೋಹ ಮತ್ತು ಖನಿಜವನ್ನು ಸುಟ್ಟು ಮಾಡಿದ ಭಸ್ಮ. ಸರಿಯಾಗಿ ತಯಾರಾಗದ ಭಸ್ಮದಲ್ಲಿ ಸೀಸ, ಪಾದರಸ ಉಳಿದು ಮೂತ್ರಪಿಂಡ, ನರ ಹಾಳಾದವರನ್ನು ಬ್ರಿಟನ್ನಿನ ವೈದ್ಯರು ನೋಡಿದ್ದಾರೆ. ಅಲ್ಲಿನ ಔಷಧ ಇಲಾಖೆ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನಮ್ಮ ಹಳೆಯ ಪುಸ್ತಕಗಳಲ್ಲಿ ಅಫೀಮು ಸೇರುವ ಬರ್ಶಾಶಾ ಇದೆ, ಭಂಗಿ ಸೇರುವ ಮಅಜೂನ್ ಫಲಕ್‌ಸೈರ್ ಇದೆ. ಇಂಥದ್ದು ಮನೆಯ ಕಪಾಟಿನಲ್ಲಿ ಹಳೆಯದು ಬಿದ್ದಿದ್ದರೆ ಅದು ಯಾವ ಕಾರಣಕ್ಕೂ ಸೂಟ್‌ಕೇಸಿಗೆ ಹೋಗಬಾರದು. ಸಂತೆಯಲ್ಲಿ ಕಟ್ಟಿಕೊಡುವ, ಹೆಸರಿಲ್ಲದ ಮೊಣಕಾಲಿನ ಪುಡಿಯೂ ಬೇಡ. ಅದರಲ್ಲಿ ಏನಿದೆ ಎಂದು ನನಗೇ ಗೊತ್ತಿರುವುದಿಲ್ಲ, ವಿಮಾನ ನಿಲ್ದಾಣದ ಅಧಿಕಾರಿಗೆ ನೀವು ಏನು ಹೇಳುತ್ತೀರಿ?

ಸುರ್ಮಾ. ಇದನ್ನು ಕೇಳಿ ಕೆಲವರಿಗೆ ಬೇಸರವಾದೀತು. ಪೇಟೆಯಲ್ಲಿ ಸಿಗುವ ಕಲ್ಲಿನ ಸುರ್ಮಾದಲ್ಲಿ ಬಹುಪಾಲು ಸೀಸದ ಅದಿರು. ಸೀಸ ಇರುವ ಸುರ್ಮಾವನ್ನು ಮಾರುವುದು ಬ್ರಿಟನ್ನಿನಲ್ಲಿ ಕಾನೂನು ಬಾಹಿರ. ಕೂಸಿನ ಕಣ್ಣಿಗೆ ಹಚ್ಚಿದ್ದು ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಬೆಳೆಯುವ ಮಿದುಳಿಗೆ ವಿಷ. ದಾದಿ ಪ್ರೀತಿಯಿಂದ ಹಚ್ಚಿದ ಸುರ್ಮಾದಿಂದ ಮೊಮ್ಮಗುವಿಗೆ ರಕ್ತ ಪರೀಕ್ಷೆ ಆಗುವಂತಾಗಬಾರದು. ಸುರ್ಮಾದ ಡಬ್ಬಿ ಊರಿನಲ್ಲೇ ಇರಲಿ.

ಬಾಣಂತನಕ್ಕೆ ಹೋಗುವ ತಾಯಂದಿರಿಗೆ ಇನ್ನೂ ಎರಡು ಮೂರು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರು ಹೋಗುವ ಮುಖ್ಯ ಕಾರಣವೇ ಅದು. ನಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಕೆಂಡದ ಶೆಗಡಿ ಇಟ್ಟು, ಲೋಬಾನ ಹಾಕುತ್ತೇವೆ. ನಮ್ಮ ಮನೆಗಳಲ್ಲಿ ಬೆಳಕಿಂಡಿ ಇದೆ, ಬಾಗಿಲು ತೆರೆದೇ ಇರುತ್ತದೆ. ಬ್ರಿಟನ್ನಿನ ಮನೆ ಚಳಿಗೆಂದು ಗಾಳಿಯೇ ಆಡದಂತೆ ಮುಚ್ಚಿ ಕಟ್ಟಿದ್ದು. ಅಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ನಿದ್ದೆ, ಆಮೇಲೆ ಏಳುವುದೇ ಇಲ್ಲ. ತಾಯಿ, ಕೂಸು, ನೀವು, ಮೂವರೂ ಒಂದೇ ಕೋಣೆಯಲ್ಲಿ. ಬಾರ್ಬೆಕ್ಯೂಗೆಂದು ಮಾರುವ ಇದ್ದಿಲನ್ನು ತಂದು ಮನೆಯೊಳಗೆ ಹೊತ್ತಿಸುವ ಯೋಚನೆಯನ್ನೇ ಮಾಡಬೇಡಿ. ಬೆಚ್ಚಗಿಡಲು ಮನೆಯ ಹೀಟರ್ ಸಾಕು. ಕೂಸಿನ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು ಎಂದು ಅಲ್ಲಿನ ವೈದ್ಯರು ಹೇಳುತ್ತಾರೆ. ನಾಲ್ಕು ದುಪ್ಪಟಿ ಹೊದಿಸುವುದೂ ಅಪಾಯ. ಮಲಗಿಸುವುದು ಅಂಗಾತವಾಗಿಯೇ.

ತಹ್ನೀಕ್‌ಗೆ ಜೇನು ಬಳಸಬೇಡಿ. ಒಂದು ವರ್ಷ ತುಂಬದ ಕೂಸಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ನರಗಳ ಕಾಯಿಲೆ ಬರಬಹುದು. ಖರ್ಜೂರವನ್ನು ಮೆತ್ತಗೆ ಮಾಡಿ, ತೊಳೆದ ಬೆರಳಿನಿಂದ ಚೂರೇ ಚೂರು ಅಂಗುಳಕ್ಕೆ ಸವರಿದರೆ ಸುನ್ನತ್ ಆಯಿತು. ಘುಟ್ಟಿ, ಕಷಾಯ, ನೀರು ಏನೂ ಬೇಡ, ಎದೆಹಾಲು ಸಾಕು. ಇದರಲ್ಲಿ ಅಲ್ಲಿನ ನರ್ಸಿನ ಮಾತೂ ನನ್ನ ಮಾತೂ ಒಂದೇ, ಆದ್ದರಿಂದ ಸೊಸೆಯ ಜೊತೆ ಜಗಳ ಬೇಡ.

ತಿನ್ನುವ ಸಾಮಾನಿನ ಬಗ್ಗೆ: ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ ಪದಾರ್ಥಗಳನ್ನು ನಮ್ಮ ದೇಶದಿಂದ ಬ್ರಿಟನ್‌ಗೆ ಒಯ್ಯುವಂತಿಲ್ಲ. ತುಪ್ಪ, ಪೇಢಾ, ಖೋವಾ, ಖೀಮಾ ಉಪ್ಪಿನಕಾಯಿ, ಬಕ್ರೀದ್‌ನ ಒಣ ಮಾಂಸ ಎಲ್ಲವನ್ನೂ ಕಸಿದು ಎಸೆಯುತ್ತಾರೆ. ಹಸಿ ಕರಿಬೇವು, ಗಿಡ, ಬೀಜವೂ ಬೇಡ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಸಾಲೆ ಖಾರ ಒಯ್ಯಿರಿ. ಜೋಳದ ಹಿಟ್ಟು ಲೆಸ್ಟರ್, ಸೌತಾಲ್‌ನ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ, ಹೊರಬೇಕಿಲ್ಲ. ಹಲಾಲ್ ಮಾಂಸಕ್ಕೆ ತೊಂದರೆ ಇಲ್ಲ. ಹಲಾಲ್ ಮಾನಿಟರಿಂಗ್ ಕಮಿಟಿ, ಹಲಾಲ್ ಫುಡ್ ಅಥಾರಿಟಿ ಎಂಬ ಸಂಸ್ಥೆಗಳ ಮುದ್ರೆ ಅಂಗಡಿಯಲ್ಲಿರುತ್ತದೆ. ಬಿಸ್ಕತ್ತು, ಮಿಠಾಯಿ, ಔಷಧಿಯ ಕ್ಯಾಪ್ಸೂಲಿನಲ್ಲಿ ಜೆಲಟಿನ್ ಇರಬಹುದು. ಔಷಧಿ ಅಂಗಡಿಯವರನ್ನು ಕೇಳಿದರೆ ಗುಳಿಗೆಯ ರೂಪದಲ್ಲಿ ಇದೆಯೇ ಎಂದು ನೋಡಿ ಹೇಳುತ್ತಾರೆ. ವಿಮಾನದಲ್ಲಿ ಮುಸ್ಲಿಂ ಊಟ ಬೇಕೆಂದು ಟಿಕೆಟ್ ತೆಗೆಯುವಾಗಲೇ ಹೇಳಬೇಕು. ಸಕ್ಕರೆಯವರ ಊಟ ಕೇಳಿದರೆ ಅದು ಹಲಾಲ್ ಆಗಿಲ್ಲದಿರಬಹುದು, ವಿಚಾರಿಸಿ.

ಪ್ರಯಾಣವೇ ದೊಡ್ಡ ಪರೀಕ್ಷೆ. ನಮ್ಮೂರಿನಿಂದ ಹುಬ್ಬಳ್ಳಿ ಹಾದು ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರು ಮುಟ್ಟುವಷ್ಟರಲ್ಲಿ ಕಾಲು ಬಾತಿರುತ್ತದೆ. ಅಂದೇ ವಿಮಾನ ಹತ್ತಬೇಡಿ, ಒಂದು ದಿನ ಸಂಬಂಧಿಕರ ಮನೆಯಲ್ಲಿ ಕಾಲು ಚಾಚಿ ಮಲಗಿ. ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನ ಸುಮಾರು ಹತ್ತು ಹನ್ನೊಂದು ಗಂಟೆ. ಅಷ್ಟು ಹೊತ್ತು ಮಡಿಸಿ ಕೂತ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಏರಿದರೆ ಪ್ರಾಣಾಪಾಯ. ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ನಮ್ಮ ಹೆಂಗಸರು ಶೌಚಕ್ಕೆ ಏಳಬೇಕಾಗುತ್ತದೆಂದು ನೀರೇ ಕುಡಿಯುವುದಿಲ್ಲ, ಅದೇ ತಪ್ಪು. ನೀರು ಕುಡಿಯಿರಿ, ಏಳುವ ನೆಪವೂ ಆಯಿತು. ಗಾಲಿ ಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ ಮಗನಿಗೆ ಹೇಳಿ. ಅದಕ್ಕೆ ದುಡ್ಡಿಲ್ಲ, ಇಂಗ್ಲಿಷ್ ಬಾರದಿದ್ದರೂ ಅವರೇ ವಲಸೆ ಕೌಂಟರ್ ದಾಟಿಸಿ ಹೊರಗೆ ತಂದು ಬಿಡುತ್ತಾರೆ. "ನಾ ಏನ್ ಕುಂಟಿ ಏನು?" ಅನ್ನುವ ಅಭಿಮಾನ ಬೇಡ.

ದುಡ್ಡಿನ ಮಾತು. ಬ್ರಿಟನ್ನಿನಲ್ಲಿ ಚಿಕಿತ್ಸೆ ಪುಕ್ಕಟೆ ಎಂದು ಎಲ್ಲರೂ ಕೇಳಿದ್ದೇವೆ. ಅಲ್ಲಿ ನೆಲೆಸಿದವರಿಗೆ ಅದು ನಿಜ. ಪ್ರವಾಸಿಗಳಿಗೆ ಇಂಗ್ಲೆಂಡಿನಲ್ಲಿ ಊರ ಡಾಕ್ಟರನ್ನು, ಅಂದರೆ ಜಿಪಿಯನ್ನು ನೋಡುವುದಕ್ಕೆ ದುಡ್ಡಿಲ್ಲ. ತುರ್ತು ವಿಭಾಗದಲ್ಲಿ ನೋಡಿದ್ದಕ್ಕೂ ಇಲ್ಲ. ಆದರೆ ಅಲ್ಲಿಂದ ವಾರ್ಡಿಗೆ ಭರ್ತಿಯಾದ ಗಳಿಗೆಯಿಂದ ಬಿಲ್ಲು ಶುರು, ಅದೂ ಆಸ್ಪತ್ರೆಯ ಲೆಕ್ಕದ ಒಂದೂವರೆ ಪಟ್ಟು. ಹೃದಯಾಘಾತವಾಗಿ ನಾಲ್ಕು ದಿನ ಇದ್ದರೆ ಮಗನ ವರ್ಷದ ಉಳಿತಾಯವೇ ಹೋದೀತು. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಉಳಿಸಿ ಬಂದರೆ ಮುಂದಿನ ವೀಸಾಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ಪ್ರಯಾಣ ವಿಮೆ ಮಾಡಿಸುತ್ತಾರೆ. ವಿಮೆ ಶರೀಅತ್ ಪ್ರಕಾರ ಹೇಗೆ ಎಂದು ನನ್ನನ್ನು ಕೇಳುವವರಿದ್ದಾರೆ. ಅದನ್ನು ಉಲಮಾಗಳನ್ನು ಕೇಳಿ. ವೈದ್ಯನಾಗಿ ನನ್ನ ಮಾತು ಒಂದೇ: ಮಾಡಿಸುವುದಾದರೆ ಮೊದಲೇ ಇರುವ ಸಕ್ಕರೆ, ಒತ್ತಡ, ಹೃದಯದ ಕಾಯಿಲೆಯನ್ನು ಮುಚ್ಚಿಡದೆ ಬರೆಸಿ. ಮುಚ್ಚಿಟ್ಟ ವಿಮೆ ಬೇಕಾದ ದಿನ ಕೆಲಸಕ್ಕೆ ಬರುವುದಿಲ್ಲ, ಮೇಲಾಗಿ ಅದು ಸುಳ್ಳೂ ಹೌದು. ಕ್ಷಯದ ಪರೀಕ್ಷೆ ಮತ್ತು ಚಿಕಿತ್ಸೆ ಮಾತ್ರ ಅಲ್ಲಿ ಎಲ್ಲರಿಗೂ ಉಚಿತ. ಕೆಮ್ಮು ಮೂರು ವಾರ ನಿಲ್ಲದಿದ್ದರೆ ಅಂಜದೆ ತೋರಿಸಿ.

ಇನ್ನು ಅಲ್ಲಿನ ಮನೆ. ನಮ್ಮ ವಿಜಯಪುರದ ಹವೆ ಗರ್ಮ್-ಖುಷ್ಕ್, ಅಂದರೆ ಬಿಸಿ ಮತ್ತು ಒಣ. ಬ್ರಿಟನ್ನಿನದು ಸರ್ದ್-ತರ್, ತಂಪು ಮತ್ತು ಹಸಿ. ಯುನಾನಿ ಶಾಸ್ತ್ರದಲ್ಲಿ ಆರೋಗ್ಯಕ್ಕೆ ಬೇಕೇಬೇಕಾದ ಆರು ಕಾರಣಗಳಲ್ಲಿ ಮೊದಲನೆಯದೇ ಹವೆ, ಅದು ಒಂದೇ ದಿನದಲ್ಲಿ ತಲೆಕೆಳಗಾಗುತ್ತದೆ. ಉಬ್ಬಸ ಇರುವವರು ಚಳಿಗಾಲ ಬಿಟ್ಟು ಮೇ-ಸೆಪ್ಟೆಂಬರ್ ನಡುವೆ ಹೋಗುವುದೇ ಲೇಸು. ಚಳಿಗಾಲದಲ್ಲೇ ಹೋಗಬೇಕಾದರೆ ಫ್ಲೂ ಲಸಿಕೆ ಹಾಕಿಸಿಕೊಂಡು ಹೋಗಿ. ಬಿಸಿಲು ಕಡಿಮೆ ಇರುವುದರಿಂದ ಶರತ್ಕಾಲ, ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಬೇಕೆಂದು ಅಲ್ಲಿನ ಸರಕಾರವೇ ಹೇಳುತ್ತದೆ. ಮೈತುಂಬ ಮುಚ್ಚಿಕೊಳ್ಳುವವರಿಗೆ, ಕಪ್ಪು ಮೈಬಣ್ಣದವರಿಗೆ ವರ್ಷವಿಡೀ. ನಮ್ಮ ಬುರ್ಖಾ ಧರಿಸುವ ಹೆಂಗಸರು ಎರಡೂ ಲೆಕ್ಕದಲ್ಲಿ ಬರುತ್ತಾರೆ.

ಹೆಚ್ಚು ಜನ ಬೀಳುವುದು ಬಚ್ಚಲುಮನೆಯಲ್ಲಿ. ಅಲ್ಲಿನ ಬಚ್ಚಲಿನ ನೆಲಕ್ಕೆ ನೀರು ಹೋಗುವ ಮೋರಿ ಇರುವುದಿಲ್ಲ. ವುಝೂ ಮಾಡಿ ನೀರು ಚೆಲ್ಲಿದರೆ ನೆಲ ಜಾರುತ್ತದೆ, ಕೆಳಗಿನ ಮನೆಯ ಛಾವಣಿಯೂ ಒದ್ದೆಯಾಗುತ್ತದೆ. ಸ್ನಾನಕ್ಕೆ ಎತ್ತರದ ತೊಟ್ಟಿ ದಾಟಬೇಕು, ಮೊಣಕಾಲಿನವರಿಗೆ ಅದು ಗೋಡೆ ಹತ್ತಿದಂತೆ. ಜಾರದ ರಬ್ಬರ್ ಚಾಪೆ, ಗೋಡೆಗೆ ಹಿಡಿಕೆ, ತೊಟ್ಟಿಯಲ್ಲಿ ಕೂರಲು ಸಣ್ಣ ಪೀಠ, ಈ ಮೂರನ್ನು ನೀವು ಮುಟ್ಟುವ ಮೊದಲೇ ಮಗ ತಂದಿಡಲಿ. ಹಳೆಯ ಮನೆಗಳಲ್ಲಿ ಬಿಸಿ ನೀರಿಗೂ ತಣ್ಣೀರಿಗೂ ಬೇರೆ ಬೇರೆ ನಲ್ಲಿ. ಬಿಸಿ ನಲ್ಲಿಗೆ ನೇರವಾಗಿ ಕೈಯೊಡ್ಡಿದರೆ ಸುಡುತ್ತದೆ. ಸಕ್ಕರೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಶೌಚಾಲಯದಲ್ಲಿ ಕಾಗದ ಮಾತ್ರ ಇರುತ್ತದೆ, ಚೀಲದಲ್ಲಿ ಒಂದು ಪ್ಲಾಸ್ಟಿಕ್ ಲೋಟಾ ಇರಲಿ. ಸ್ನಾನದ ವಿಷಯದಲ್ಲಿ ನಮ್ಮವರು ಬ್ರಿಟಿಷರಿಗೆ ಗುರುವಾದದ್ದೂ ಉಂಟು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮುಹಮ್ಮದ್ ಬ್ರೈಟನ್ ಊರಿನಲ್ಲಿ ಹಬೆಸ್ನಾನ ಮತ್ತು ಚಂಪಿಯ ಮನೆ ತೆರೆದು ಇಬ್ಬರು ದೊರೆಗಳಿಗೆ ಸೇವೆ ಸಲ್ಲಿಸಿದರು. ಶಾಂಪೂ ಎಂಬ ಮಾತೇ ಆ ಚಂಪಿಯಿಂದ ಬಂದದ್ದು.

ಚಳಿಯಲ್ಲಿ ದಿನಕ್ಕೆ ಐದು ಸಲ ಪಾದ ತೊಳೆದರೆ ಹಿಮ್ಮಡಿ ಒಡೆಯುತ್ತದೆ, ಸಕ್ಕರೆಯವರಿಗೆ ಅದೇ ಹುಣ್ಣಿಗೆ ದಾರಿ. ಬೆಚ್ಚನೆ ನೀರು ಬಳಸಿ, ಬೆರಳ ಸಂದು ಒರೆಸಿ ಒಣಗಿಸಿ, ರಾತ್ರಿ ವ್ಯಾಸಲೀನ್ ಸವರಿ. ವುಝೂ ಮಾಡಿ ಚರ್ಮದ ಮೋಜ, ಅಂದರೆ ಖುಫ್ಫೈನ್ ಹಾಕಿಕೊಂಡರೆ ಅದರ ಮೇಲೆ ಮಸಹ್ ಮಾಡುವ ರಿಯಾಯಿತಿ ದೀನ್‌ನಲ್ಲೇ ಇದೆ: ನೆಲೆಸಿದವನಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕನಿಗೆ ಮೂರು. ಒಂದು ಜೊತೆ ಇಲ್ಲಿಂದಲೇ ಹೊಲಿಸಿಕೊಂಡು ಹೋಗಿ. ಮೋಜ ಬಿಚ್ಚಿದಾಗ ದಿನಕ್ಕೊಮ್ಮೆ ಪಾದ ತಿರುಗಿಸಿ ನೋಡಿಕೊಳ್ಳುವುದನ್ನು ಮರೆಯಬೇಡಿ.

ಆ ಆರು ಕಾರಣಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಒಂದು. ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುವುದು. ಕಿಟಕಿಯಾಚೆ ಮಳೆ, ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮುಳವಾಡದ ಕಟ್ಟೆಯ ಮೇಲೆ ದಿನಕ್ಕೆ ಐವತ್ತು ಜನರಿಗೆ ಸಲಾಂ ಹೇಳುತ್ತಿದ್ದವರು ಮೂರನೇ ವಾರಕ್ಕೆ ಊಟ ಬಿಡುತ್ತಾರೆ, ಎದೆ ಭಾರ ಅನ್ನುತ್ತಾರೆ, ರಾತ್ರಿ ನಿದ್ದೆ ಇಲ್ಲ. ಇದನ್ನು ಹೃದಯದ ಕಾಯಿಲೆಯೆಂದು ತಿಳಿದು ಓಡುವವರಿದ್ದಾರೆ; ಕೆಲವೊಮ್ಮೆ ಹೃದಯದ್ದೇ ಆಗಿರುತ್ತದೆ, ಆದ್ದರಿಂದ ತೋರಿಸಲೇಬೇಕು. ಆದರೆ ಮಕ್ಕಳಿಗೆ ನನ್ನ ವಿನಂತಿ: ಅಬ್ಬಾ-ಅಮ್ಮಾ ಬಂದ ಮೊದಲ ವಾರವೇ ಅವರನ್ನು ಹತ್ತಿರದ ಮಸೀದಿಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ, ದಾರಿ ಕಲಿಸಿ. ಝುಹರ್‌ಗೆ ನಡೆದು ಹೋಗಿ ಬಂದರೆ ಕಾಲಿಗೂ ಒಳ್ಳೆಯದು, ಉರ್ದು ಮಾತಾಡುವ ನಾಲ್ಕು ಹಿರಿಯರು ಸಿಗುತ್ತಾರೆ. ಅಮ್ಮಂದಿರಿಗೆ ಹೆಂಗಸರ ಕೂಟ ಇರುವ ಮಸೀದಿ ನೋಡಿ. ಬೇಸಿಗೆಯಲ್ಲಿ ಒಂದು ದಿನ ವೋಕಿಂಗ್‌ಗೂ ಕರೆದೊಯ್ಯಿರಿ. ಭೋಪಾಲದ ಬೇಗಂ ಶಾಹಜಹಾನ್ ಅವರ ಹಣದ ನೆರವಿನಿಂದ 1889ರಲ್ಲಿ ಕಟ್ಟಿದ ಮಸೀದಿ ಅಲ್ಲಿದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ನಮ್ಮ ವಿಜಯಪುರದ ಆಸಾರ್ ಮಹಲಿನಿಂದ 1853ರಲ್ಲಿ ಒಯ್ದ ಆದಿಲ್‌ಶಾಹಿ ಹಸ್ತಪ್ರತಿಗಳಿವೆ. ನಮ್ಮೂರಿನವರು ನಮಗಿಂತ ಮೊದಲೇ ಅಲ್ಲಿ ಹೋಗಿ ಕೂತಿದ್ದಾರೆ ಅನ್ನಿ.

ಕೊನೆಯದಾಗಿ ಒಂದು ಕಾಗದ. ಅಂಗೈಯಗಲದ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಮಗನ ಮನೆ ವಿಳಾಸ, ಪೋಸ್ಟ್‌ಕೋಡ್, ಮಗನ ಮತ್ತು ಸೊಸೆಯ ಫೋನ್, ನಿಮ್ಮ ಕಾಯಿಲೆ, ಔಷಧಿ ಬರೆಸಿ. ಒಂದನ್ನು ಜೇಬಿನಲ್ಲಿ, ಇನ್ನೊಂದನ್ನು ಅಡಿಗೆ ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿ. ಪ್ರಾಣಾಪಾಯಕ್ಕೆ 999, ಹಾಗಲ್ಲದ ತೊಂದರೆಗೆ 111, ಎರಡಕ್ಕೂ ದುಡ್ಡಿಲ್ಲ. ಫೋನ್ ಎತ್ತಿದವರಿಗೆ "ಉರ್ದು" ಎಂದು ಒಂದು ಮಾತು ಹೇಳಿ ಕಾಯಿರಿ, ಭಾಷೆ ಬಲ್ಲವರನ್ನು ಸಾಲಿಗೆ ತರುತ್ತಾರೆ. ಅವರು ಮೊದಲು ಕೇಳುವುದು ಎಲ್ಲಿದ್ದೀರಿ ಎಂದು. ಪೋಸ್ಟ್‌ಕೋಡಿನ ಆರೇಳು ಅಕ್ಷರ, ಅಂಕಿಗಳನ್ನು ಊರಿನಲ್ಲಿರುವಾಗಲೇ ಮೊಮ್ಮಕ್ಕಳಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಳ್ಳಿ.